ಒಂದು ವೈದ್ಯಕೀಯ ವರದಿ, ಹತ್ತು ವರ್ಷ ಶಿಕ್ಷೆ

1969ರ ಆಗಸ್ಟ್ ಕೊನೆಯಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ತಾಷ್ಕೆಂಟಿನ ಮನೋವೈದ್ಯರ ಸಮಿತಿಯೊಂದು ಪ್ಯೋತ್ರ್ ಗ್ರಿಗೊರೆಂಕೊ ಎಂಬ ಕೈದಿಯನ್ನು ಪರೀಕ್ಷಿಸಿತು. ಇವರಲ್ಲಿ ಮಾನಸಿಕ ಕಾಯಿಲೆಯ ಯಾವ ಲಕ್ಷಣವೂ ಇಲ್ಲ, ತಮ್ಮ ಕೃತ್ಯಗಳಿಗೆ ತಾವೇ ಹೊಣೆ ಹೊರಬಲ್ಲರು ಎಂದು ಬರೆದುಕೊಟ್ಟಿತು. ಆಸ್ಪತ್ರೆಗೆ ಸೇರಿಸಿ ನೋಡುವ ಅಗತ್ಯವೂ ಇಲ್ಲ ಎಂದಿತು. ಮೂರು ತಿಂಗಳು ತುಂಬುವ ಮೊದಲೇ, ನವೆಂಬರ್ 19ರಂದು, ನ್ಯಾಯಾಂಗ ಮನೋವೈದ್ಯಕೀಯಕ್ಕೆಂದೇ ಇದ್ದ ಮಾಸ್ಕೋದ ಸರ್ಬ್‌ಸ್ಕಿ ಸಂಸ್ಥೆ ಅದೇ ಮನುಷ್ಯನ ಬಗ್ಗೆ ಇನ್ನೊಂದು ವರದಿ ಕೊಟ್ಟಿತು: ‘ಸುಧಾರಣಾವಾದಿ ವಿಚಾರಗಳಿಂದ ಕೂಡಿದ, ವ್ಯಕ್ತಿತ್ವದ ಪ್ಯಾರನಾಯ್ಡ್ ಬೆಳವಣಿಗೆ.’ ಹಾಗಾದರೆ ತಾಷ್ಕೆಂಟಿನವರಿಗೆ ರೋಗ ಕಾಣಲಿಲ್ಲವೇಕೆ? ಅದಕ್ಕೂ ಸರ್ಬ್‌ಸ್ಕಿಯವರ ಬಳಿ ಉತ್ತರವಿತ್ತು. ರೋಗಿ ಹೊರಗೆ ಸಭ್ಯವಾಗಿ ನಡೆದುಕೊಳ್ಳುತ್ತಾರೆ, ಅವರ ಮಾತು ಮೇಲ್ನೋಟಕ್ಕೆ ಸುಸಂಬದ್ಧವಾಗಿದೆ, ಹಿಂದಿನ ತಿಳಿವಳಿಕೆ ಮತ್ತು ರೀತಿನೀತಿಗಳು ಹಾಗೇ ಉಳಿದಿವೆ, ಈ ರೋಗದಲ್ಲಿ ಹೀಗಾಗುವುದೇ ಸಹಜ. ಅಂದರೆ ಸರಿಯಾಗಿ ಮಾತಾಡುವುದೂ ರೋಗದ ಗುರುತೇ ಆಯಿತು.

ಈ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತವರು ಕೀವ್‌ನ ಯುವ ಮನೋವೈದ್ಯ ಸೆಮ್ಯೋನ್ ಗ್ಲುಜ್ಮನ್. ಹುಟ್ಟಿದ್ದು 1946ರಲ್ಲಿ, ವೈದ್ಯ ದಂಪತಿಯ ಮನೆಯಲ್ಲಿ. 1971ರಲ್ಲಿ ಅವರು ಮೂರನೆಯ ವರದಿಯೊಂದನ್ನು ಬರೆದರು. ಹತ್ತು ವರ್ಷದ ಶಿಕ್ಷೆಗೆ ದಾರಿಯಾದದ್ದು ಅದೇ: ಏಳು ವರ್ಷ ಕಠಿಣ ಶಿಬಿರ, ಮೂರು ವರ್ಷ ಗಡಿಪಾರು.

ಗ್ರಿಗೊರೆಂಕೊ ಸಾಮಾನ್ಯ ಮನುಷ್ಯರಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಮೇಜರ್ ಜನರಲ್, ಫ್ರುಂಜೆ ಸೈನಿಕ ಅಕಾಡೆಮಿಯಲ್ಲಿ ಪಾಠ ಹೇಳಿದವರು. 1961ರಲ್ಲಿ ಪಕ್ಷದ ಸಭೆಯೊಂದರಲ್ಲೇ ಎದ್ದುನಿಂತು ನಾಯಕತ್ವವನ್ನು ಟೀಕಿಸಿದರು. 1964ರಲ್ಲಿ ಮೊದಲ ಸಲ ‘ಹುಚ್ಚ’ ಎನಿಸಿಕೊಂಡು ಆಸ್ಪತ್ರೆ ಸೇರಿದರು. ಹೊರಬಂದ ಮೇಲೆ, 1944ರಲ್ಲಿ ಸ್ಟಾಲಿನ್ ಇಡೀ ಜನಾಂಗವಾಗಿ ಕ್ರಿಮಿಯಾದಿಂದ ಹೊರಗಟ್ಟಿದ್ದ ತಾತಾರರ ಪರ ನಿಂತರು. ಅವರ ವಿಚಾರಣೆಯೊಂದಕ್ಕೆಂದು ತಾಷ್ಕೆಂಟಿಗೆ ಹೋದಾಗಲೇ 1969ರ ಮೇ 7ರಂದು ಎರಡನೆಯ ಬಂಧನ. ಪದಕ ತೊಟ್ಟ ಜನರಲ್‌ನನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಅವರು ಮಾತಾಡುತ್ತಾರೆ. ಹುಚ್ಚರೆಂದು ಸಾಬೀತಾದರೆ ಮಾತಾಡುವ ಪ್ರಸಂಗವೇ ಬರುವುದಿಲ್ಲ.

ಸೋವಿಯತ್ ಕಾನೂನಿನಲ್ಲಿ ಇದಕ್ಕೆ ಸಲೀಸಾದ ದಾರಿಯಿತ್ತು. ಸೋವಿಯತ್ ವಿರೋಧಿ ಪ್ರಚಾರದ ಮೊಕದ್ದಮೆಯಲ್ಲಿ ತನಿಖಾಧಿಕಾರಿ ಆರೋಪಿಯನ್ನು ಮನೋವೈದ್ಯಕೀಯ ಪರೀಕ್ಷೆಗೆ ಕಳಿಸಬಹುದಿತ್ತು. ಆತ ಹೊಣೆ ಹೊರಲಾರದ ಸ್ಥಿತಿಯಲ್ಲಿದ್ದಾನೆಂದು ತಜ್ಞರು ಬರೆದರೆ ನ್ಯಾಯಾಲಯ ಶಿಕ್ಷೆ ವಿಧಿಸುತ್ತಿರಲಿಲ್ಲ, ‘ಕಡ್ಡಾಯ ಚಿಕಿತ್ಸೆ’ಗೆ ಆದೇಶಿಸುತ್ತಿತ್ತು. ಆ ಕಲಾಪಕ್ಕೆ ಆರೋಪಿಯನ್ನು ಕರೆತರಲೇಬೇಕೆಂದಿರಲಿಲ್ಲ. ಜೈಲಿಗೆ ಹೋದವರಿಗೆ ಬಿಡುಗಡೆಯ ದಿನ ಗೊತ್ತಿರುತ್ತದೆ, ಇಲ್ಲಿ ಅವಧಿಯೇ ಇಲ್ಲ. ಆರು ತಿಂಗಳಿಗೊಮ್ಮೆ ಸಮಿತಿ ಬಂದು, ಕೆಲವೇ ನಿಮಿಷ ಮಾತಾಡಿಸಿ, ‘ಮೊದಲಿನ ಅಭಿಪ್ರಾಯಗಳನ್ನು ಬಿಟ್ಟಿದ್ದೀರಾ?’ ಎಂದು ಕೇಳುತ್ತಿತ್ತು. ಬಿಟ್ಟಿಲ್ಲವೆಂದರೆ ಇನ್ನೂ ಆರು ತಿಂಗಳು. ‘ವಿಶೇಷ ಮಾದರಿ’ಯ ಆಸ್ಪತ್ರೆಗಳು ಆರೋಗ್ಯ ಇಲಾಖೆಯ ಕೈಯಲ್ಲಿರಲಿಲ್ಲ, ಪೊಲೀಸರನ್ನು ನಡೆಸುವ ಒಳಾಡಳಿತ ಇಲಾಖೆಯ ಕೈಯಲ್ಲಿದ್ದವು. ಕಜಾನ್, ಲೆನಿನ್‌ಗ್ರಾದ್, ಚೆರ್ನ್ಯಾಖೋವ್ಸ್ಕ್, ದ್ನಿಪ್ರೊಪೆಟ್ರೋವ್ಸ್ಕ್, ಸಿಚ್ಯೋವ್ಕಾ, ಓರ್ಯೋಲ್ ಇಂಥ ಊರುಗಳಲ್ಲಿದ್ದ ಈ ಆಸ್ಪತ್ರೆಗಳಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕ್ರಿಮಿನಲ್ ಕೈದಿಗಳನ್ನೇ ವಾರ್ಡ್ ಸಹಾಯಕರಾಗಿ ಹಾಕುತ್ತಿದ್ದರು.

ಕಾನೂನು ದಾರಿ ತೆರೆದಿಟ್ಟಿತ್ತು, ಅದರಲ್ಲಿ ಓಡಾಡಲು ಬೇಕಾದ ರೋಗವನ್ನು ಒದಗಿಸಿದ್ದು ವೈದ್ಯಶಾಸ್ತ್ರ. ಮಾಸ್ಕೋದ ಮನೋವೈದ್ಯ ಆಂದ್ರೇಯ್ ಸ್ನೆಝ್ನೆವ್ಸ್ಕಿ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವನ್ನು ಲಕ್ಷಣಕ್ಕಿಂತ ಹೆಚ್ಚಾಗಿ ಅದು ಸಾಗುವ ರೀತಿಯಿಂದ ವಿಂಗಡಿಸಿದರು. ಸತತವಾಗಿ ಸಾಗುವುದು ಒಂದು, ಅಲೆ ಅಲೆಯಾಗಿ ಬಂದು ಪ್ರತಿ ಸಲ ಏನಾದರೂ ಹಾನಿ ಉಳಿಸಿ ಹೋಗುವುದು ಇನ್ನೊಂದು, ಆಗಾಗ ಬಂದು ಪೂರ್ತಿ ಇಳಿಯುವುದು ಮತ್ತೊಂದು. ಸತತವಾಗಿ ಸಾಗುವ ಗುಂಪಿನ ಅತಿ ಸೌಮ್ಯ ರೂಪವೇ ‘ನಿಧಾನಗತಿಯ ಸ್ಕಿಜೋಫ್ರೇನಿಯಾ.’ ಇದರಲ್ಲಿ ಕಿವಿಯಲ್ಲಿ ದನಿ ಕೇಳಬೇಕಿಲ್ಲ, ಅಸಂಬದ್ಧ ಮಾತು ಬರಬೇಕಿಲ್ಲ. ಹಟ, ಸಂಶಯ, ಪರಿಸರಕ್ಕೆ ಹೊಂದಿಕೊಳ್ಳದಿರುವುದು, ತತ್ವಚಿಂತನೆಯ ಗೀಳು, ಅರ್ಜಿಯ ಮೇಲೆ ಅರ್ಜಿ ಬರೆಯುವುದು, ಸಮಾಜವನ್ನು ತಿದ್ದುವ ಹಂಬಲ, ಇಷ್ಟಿದ್ದರೂ ಸಾಕು. ಒಮ್ಮೆ ಹೆಸರು ಅಂಟಿತೆಂದರೆ ಬಿಡುವುದಿಲ್ಲ. ಲಕ್ಷಣ ಕಾಣದಿದ್ದರೆ ರೋಗ ಹತೋಟಿಯಲ್ಲಿದೆ ಎಂದರ್ಥವೇ ಹೊರತು ಇಲ್ಲವೆಂದಲ್ಲ. 1968ರ ಆಗಸ್ಟ್‌ನಲ್ಲಿ ಚೆಕೊಸ್ಲೊವಾಕಿಯಾ ಆಕ್ರಮಣದ ವಿರುದ್ಧ ಮಾಸ್ಕೋದ ಕೆಂಪು ಚೌಕದಲ್ಲಿ ಪ್ರತಿಭಟಿಸಿದ ಕವಯಿತ್ರಿ ನತಾಲ್ಯಾ ಗೊರ್ಬನೆವ್ಸ್ಕಯಾ ಅವರಿಗೆ ಅಂಟಿಸಿದ್ದು ಇದನ್ನೇ. ಜೀವವಿಜ್ಞಾನಿ ಝೊರೆಸ್ ಮೆದ್ವೆದೆವ್ ಅವರನ್ನು 1970ರಲ್ಲಿ 19 ದಿನ ಕೂಡಿಹಾಕಿದಾಗ ವೈದ್ಯರು ಹೇಳಿದ ಕಾರಣ ‘ವ್ಯಕ್ತಿತ್ವದ ಒಡಕು’: ವಿಜ್ಞಾನಿಯಾಗಿದ್ದುಕೊಂಡು ಸಾರ್ವಜನಿಕ ವಿಷಯಗಳ ಬಗ್ಗೆಯೂ ಬರೆಯುತ್ತಾರಂತೆ.

ಮಾಸ್ಕೋದ ಅಳತೆಗೋಲು ಬೇರೆಯೇ ಎಂಬುದು ರಾಜಕೀಯಕ್ಕೆ ಸಂಬಂಧವಿಲ್ಲದ ಅಧ್ಯಯನದಲ್ಲೂ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ಊರುಗಳಲ್ಲಿ ನಡೆಸಿದ ಸ್ಕಿಜೋಫ್ರೇನಿಯಾ ಅಧ್ಯಯನದಲ್ಲಿ ನಮ್ಮ ಆಗ್ರಾ ಕೂಡ ಒಂದು ಕೇಂದ್ರವಾಗಿತ್ತು. 1973ರಲ್ಲಿ ಬಂದ ಫಲಿತಾಂಶದ ಪ್ರಕಾರ ಉಳಿದ ಕಡೆಗಿಂತ ವಿಶಾಲವಾದ ಅರ್ಥದಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಬಳಸುತ್ತಿದ್ದ ಕೇಂದ್ರಗಳು ಎರಡು: ಮಾಸ್ಕೋ ಮತ್ತು ವಾಷಿಂಗ್ಟನ್. ವಾಷಿಂಗ್ಟನ್ ಹೆಸರು ಇರುವುದನ್ನು ಮರೆಯಬಾರದು. ಸಡಿಲ ವ್ಯಾಖ್ಯೆಯೊಂದೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಸಡಿಲ ವ್ಯಾಖ್ಯೆ, ಅವಧಿಯಿಲ್ಲದ ಬಂಧನ, ಪೊಲೀಸರ ಅಧೀನದ ಆಸ್ಪತ್ರೆ, ಎರಡನೆಯ ಅಭಿಪ್ರಾಯ ಕೇಳಲು ಎಲ್ಲೂ ಜಾಗವಿಲ್ಲದ ವೃತ್ತಿವ್ಯವಸ್ಥೆ, ಈ ನಾಲ್ಕೂ ಒಂದೆಡೆ ಕೂಡಿದ್ದು ಮಾಸ್ಕೋದಲ್ಲಿ.

ಗ್ಲುಜ್ಮನ್ ಆ ಎರಡನೆಯ ಅಭಿಪ್ರಾಯವನ್ನೇ ಕೊಡಲು ಹೊರಟರು. ರೋಗಿಯನ್ನು ನೋಡುವಂತಿರಲಿಲ್ಲ, ಅವರು ಚೆರ್ನ್ಯಾಖೋವ್ಸ್ಕ್‌ನಲ್ಲಿ ಬಂಧಿಯಾಗಿದ್ದರು. ಹಾಗಾಗಿ ಬರಹಕ್ಕೆ ಇಟ್ಟ ಹೆಸರೇ ‘ಗೈರುಹಾಜರಿಯಲ್ಲಿ ನಡೆಸಿದ ನ್ಯಾಯಾಂಗ ಮನೋವೈದ್ಯಕೀಯ ಪರೀಕ್ಷೆ’ ಎಂಬ ಅರ್ಥದ್ದು. ರೋಗಿಯನ್ನು ಕಾಣದೆ ರೋಗ ಹೇಳುವುದು ಮನೋವೈದ್ಯಕೀಯದಲ್ಲಿ ತಪ್ಪು, ಆ ನಿಯಮ ಸರಿಯಾಗಿಯೇ ಇದೆ. ಆದರೆ ಇಲ್ಲಿ ನಡೆದದ್ದೇ ಬೇರೆ. ಎರಡು ಬೇರೆ ಬೇರೆ ವೈದ್ಯ ತಂಡಗಳು ಬರೆದ ವರದಿಗಳು ಎದುರಿಗಿದ್ದವು. ಅವುಗಳಲ್ಲಿ ದಾಖಲಾದ ಲಕ್ಷಣಗಳಿಂದ ಅವರು ಮುಟ್ಟಿದ ತೀರ್ಮಾನ ಹೊರಡುತ್ತದೆಯೇ ಎಂದು ನೋಡುವುದಕ್ಕೆ ರೋಗಿ ಎದುರಿಗಿರಬೇಕಾಗಿಲ್ಲ. ಕಾಗದ ಸಾಕು. ಆ ಕಾಗದಗಳು ಹೊರಬಂದದ್ದೇ ದೊಡ್ಡ ಸಂಗತಿ, ಅದರ ಹಿಂದೆ ಗ್ರಿಗೊರೆಂಕೊ ಪರ ವಕೀಲೆ ಸೋಫ್ಯಾ ಕಲಿಸ್ತ್ರಾತೊವಾ ಅವರ ಶ್ರಮವಿತ್ತು.

ಪ್ಯಾರನಾಯ್ಡ್ ಬೆಳವಣಿಗೆ ಎಂದರೆ ಏನಿರಬೇಕು? ಒಂದೇ ವಿಚಾರ ತಲೆಯೊಳಗೆ ಬೇರುಬಿಟ್ಟು ಉಳಿದೆಲ್ಲ ಆಸಕ್ತಿಗಳನ್ನು ನುಂಗಬೇಕು. ಎದುರಿನ ಸಾಕ್ಷ್ಯ ಎಷ್ಟೇ ಗಟ್ಟಿಯಾಗಿದ್ದರೂ ಆ ವಿಚಾರ ಬದಲಾಗಬಾರದು. ಸುತ್ತಲಿನವರೆಲ್ಲ ಶತ್ರುಗಳಾಗಿ ಕಾಣುತ್ತ ಹೋಗಬೇಕು. ವರ್ಷ ಕಳೆದಂತೆ ವ್ಯಕ್ತಿತ್ವ ಕಿರಿದಾಗಬೇಕು. ಗ್ರಿಗೊರೆಂಕೊ ಬದುಕಿನಲ್ಲಿ ಇದು ತಿರುಗುಮುರುಗು. 1963ರಲ್ಲಿ ಲೆನಿನ್‌ವಾದದ ಪುನರುಜ್ಜೀವನಕ್ಕೆಂದು ಗುಪ್ತ ಸಂಘ ಕಟ್ಟಿ ಕರಪತ್ರ ಹಂಚಿದವರು, ಮುಂದೆ ಗುಪ್ತ ಮಾರ್ಗವೇ ತಪ್ಪೆಂದು ಬಿಟ್ಟು, ಸಹಿ ಹಾಕಿದ ಪತ್ರ, ಬಹಿರಂಗ ಮನವಿ, ಕಾನೂನಿನ ಮಾತು, ಈ ದಾರಿಗೆ ಬಂದರು. ಸ್ನೇಹಿತರು ಹೆಚ್ಚುತ್ತ ಹೋದರು. ಅನುಭವದಿಂದ ಅಭಿಪ್ರಾಯ ತಿದ್ದಿಕೊಳ್ಳುವ ಮನುಷ್ಯನಿಗೆ ‘ತಿದ್ದಲಾಗದ ಭ್ರಮೆ’ ಎಂಬ ಹೆಸರು ಹೊಂದುವುದಾದರೂ ಹೇಗೆ?

ತಾಷ್ಕೆಂಟಿನ ವರದಿ ಸರಿ, ಸರ್ಬ್‌ಸ್ಕಿಯದು ನಿಲ್ಲುವುದಿಲ್ಲ, ಗ್ರಿಗೊರೆಂಕೊ ಮಾನಸಿಕವಾಗಿ ಆರೋಗ್ಯವಂತರು ಎಂಬುದೇ ಗ್ಲುಜ್ಮನ್ ತೀರ್ಮಾನ. ಬರಹ ಲೇಖಕರ ಹೆಸರಿಲ್ಲದೆ ಸಮಿಜ್ದಾತ್‌ನಲ್ಲಿ, ಅಂದರೆ ಕೈಯಿಂದ ಕೈಗೆ ಟೈಪ್ ಪ್ರತಿಗಳಾಗಿ, ಹರಡಿತು. ನನಗೆ ಈ ಬರಹದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಶಿಸ್ತು. ಆಡಳಿತವನ್ನು ಬೈಯುವುದಕ್ಕೆ ಬೇಕಾದಷ್ಟು ಕಾರಣವಿದ್ದ ವ್ಯಕ್ತಿ, ಬೈಗುಳ ಬಿಟ್ಟು ನ್ಯಾಯಾಲಯಕ್ಕೆ ಸಲ್ಲಿಸುವ ನಮೂನೆಯಲ್ಲೇ ವರದಿ ಬರೆದರು. ಅದಕ್ಕೇ ಅದು ಅಪಾಯಕಾರಿಯಾಯಿತು. ಪ್ರತಿಭಟನೆಯ ಪತ್ರವಾಗಿದ್ದರೆ ಪಕ್ಕಕ್ಕಿಡಬಹುದಿತ್ತು, ವೈದ್ಯಕೀಯ ವಾದಕ್ಕೆ ವೈದ್ಯಕೀಯ ಉತ್ತರವೇ ಬೇಕು.

ಉತ್ತರ ಬರಲಿಲ್ಲ, ಕೆಜಿಬಿ ಬಂತು. 1972ರ ಮೇ 11ರಂದು ಗ್ಲುಜ್ಮನ್ ಬಂಧನವಾದಾಗ ಅವರಿಗೆ 25 ವರ್ಷ. ಅದೇ ವರ್ಷದ ಜನವರಿಯಿಂದ ಉಕ್ರೇನಿನ ಲೇಖಕರು, ಬುದ್ಧಿಜೀವಿಗಳು ಸಾಲುಸಾಲಾಗಿ ಜೈಲು ಸೇರುತ್ತಿದ್ದರು. ಅಕ್ಟೋಬರ್‌ನಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ವಿಚಾರಣೆ ನಡೆಯಿತು. ಆರೋಪದಲ್ಲಿ ಇದ್ದದ್ದು ಸಮಿಜ್ದಾತ್ ಇಟ್ಟುಕೊಂಡ, ಹಂಚಿದ ಮಾತು. ಗ್ರಿಗೊರೆಂಕೊ ವರದಿಯನ್ನು ಎತ್ತಿದರೆ ಅದರ ವಾದವನ್ನೂ ನ್ಯಾಯಾಲಯದಲ್ಲಿ ಎತ್ತಬೇಕಾಗುತ್ತಿತ್ತು. ಶಿಕ್ಷೆಯ ನಿಜವಾದ ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. ಈ ಯುವ ವೈದ್ಯನ ಪರ ದನಿ ಎತ್ತಬೇಕೆಂದು ಭೌತವಿಜ್ಞಾನಿ, ಮಾನವ ಹಕ್ಕುಗಳ ಹೋರಾಟಗಾರ ಆಂದ್ರೇಯ್ ಸಖರೋವ್ ಜಗತ್ತಿನ ಮನೋವೈದ್ಯರಿಗೆ ಮನವಿ ಮಾಡಿದರು.

ಉರಾಲ್ ಸೀಮೆಯ ಪೆರ್ಮ್-35 ಶಿಬಿರದಲ್ಲಿ ಗ್ಲುಜ್ಮನ್‌ಗೆ ಸಿಕ್ಕ ಸಹವಾಸ ದೊಡ್ಡದು. 25 ವರ್ಷದ ಶಿಕ್ಷೆ ಕಳೆಯುತ್ತಿದ್ದ ಉಕ್ರೇನಿನ ಹಳೆಯ ಬಂಡಾಯಗಾರರಿದ್ದರು, ಕವಿ ಇವಾನ್ ಸ್ವಿತ್ಲಿಚ್ನಿ ಇದ್ದರು. ಮುಂದೆ ವ್ಲಾದಿಮಿರ್ ಬುಕೊವ್‌ಸ್ಕಿ ಬಂದರು. ಸರ್ಬ್‌ಸ್ಕಿ ವರದಿಗಳ ಪ್ರತಿಗಳನ್ನು ಸೇರಿಸಿ 1971ರಲ್ಲಿ ಸುಮಾರು 150 ಪುಟಗಳ ದಾಖಲೆಯನ್ನು ಪಶ್ಚಿಮದ ಮನೋವೈದ್ಯರಿಗೆ ಕಳಿಸಿ, ಅದಕ್ಕಾಗಿಯೇ ಜೈಲು ಸೇರಿದ್ದವರು ಬುಕೊವ್‌ಸ್ಕಿ. ಸ್ವತಃ ಆಸ್ಪತ್ರೆಯ ರುಚಿ ಕಂಡವರು. ಒಬ್ಬರು ವೈದ್ಯರು, ಇನ್ನೊಬ್ಬರು ‘ರೋಗಿ.’ ಇಬ್ಬರೂ ಸೇರಿ 1974ರಲ್ಲಿ ಭಿನ್ನಮತೀಯರಿಗೆಂದು ಮನೋವೈದ್ಯಕೀಯದ ಒಂದು ಕೈಪಿಡಿ ಬರೆದರು. ದ್ನಿಪ್ರೊಪೆಟ್ರೋವ್ಸ್ಕ್ ಆಸ್ಪತ್ರೆಯಲ್ಲಿದ್ದ ಗಣಿತಜ್ಞ ಲಿಯೊನಿದ್ ಪ್ಲ್ಯೂಶ್ಚ್ ಅವರಿಗೆ ಅದರ ಅರ್ಪಣೆ. ಆ ಶಿಬಿರಗಳಿಂದ ಬರಹ ಹೊರಬರುತ್ತಿದ್ದ ಬಗೆ ಹೀಗೆ: ಅತಿ ತೆಳುವಾದ ಹಾಳೆಯ ಮೇಲೆ ಇರುವೆಗಾತ್ರದ ಅಕ್ಷರ, ಹಾಳೆಯನ್ನು ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಗುಳಿಗೆ, ಅದನ್ನು ನುಂಗಿ ಹೊರಗೆ ಒಯ್ಯುವವರು. 1975ರ ಹೊತ್ತಿಗೆ ಕೈಪಿಡಿ ಹೊರದೇಶದಲ್ಲಿ ಅಚ್ಚಾಯಿತು.

ಬರೀ ಧೈರ್ಯ ತುಂಬುವ ಪುಸ್ತಕ ಅದಲ್ಲ, ಕೆಲಸಕ್ಕೆ ಬರುವ ಪುಸ್ತಕ. ಮೊದಲು ಕಾನೂನು: ಪರೀಕ್ಷೆಗೆ ಯಾರು ಕಳಿಸಬಹುದು, ತಜ್ಞರ ಮುಂದೆ ನಿಮಗಿರುವ ಹಕ್ಕೇನು, ವ್ಯವಹಾರದಲ್ಲಿ ಅದರಲ್ಲಿ ಎಷ್ಟು ಸಿಗುತ್ತದೆ. ಆಮೇಲೆ ಮನೋವೈದ್ಯಕೀಯದ ಪರಿಭಾಷೆ, ನಿಮ್ಮ ಯಾವ ಮಾತು ಅವರ ಪುಸ್ತಕದಲ್ಲಿ ಯಾವ ಲಕ್ಷಣವಾಗಿ ಇಳಿಯುತ್ತದೆ ಎಂದು ತಿಳಿಯುವುದಕ್ಕೆ. ನಂತರ ಎದುರು ಕೂರುವ ವೈದ್ಯ ಯಾವ ತರದವನು ಎಂಬ ವಿಂಗಡಣೆ. ಹೊಸದಾಗಿ ಕೆಲಸಕ್ಕೆ ಬಂದವನು, ವಿದ್ವಾಂಸ, ಪ್ರಬಂಧ ಬರೆಯುತ್ತಿರುವವನು, ಸ್ವತಂತ್ರ ವಿಚಾರದವನು, ತನ್ನ ಪಾಡಿಗಿರುವ ಸಾಮಾನ್ಯ ಗೃಹಸ್ಥ, ಕೊನೆಗೆ ವೃತ್ತಿಪರ ಕಟುಕ. ಪ್ರಬಂಧ ಬರೆಯುವವನಿಗೆ ನೀವೊಂದು ಕೇಸು. ಗೃಹಸ್ಥನಿಗೆ ನೆಮ್ಮದಿಯ ಬದುಕು ಬಿಟ್ಟು ಜೈಲಿಗೆ ಬರುವವನು ಅರ್ಥವೇ ಆಗುವುದಿಲ್ಲ, ಹಾಗಾಗಿ ಪ್ರಾಮಾಣಿಕವಾಗಿಯೇ ನಿಮ್ಮನ್ನು ರೋಗಿ ಎಂದುಕೊಳ್ಳುತ್ತಾನೆ.

ಸಲಹೆಗಳ ಭಾಗವೇ ಅದರ ತಿರುಳು. ಬಾಲ್ಯದ ಬಗ್ಗೆ ಕೇಳಿದರೆ ಹೆರಿಗೆಯೂ ಸಹಜ, ಬೆಳವಣಿಗೆಯೂ ಸಹಜ ಎನ್ನಿ. ಹಾಸಿಗೆ ಒದ್ದೆ ಮಾಡುತ್ತಿದ್ದದ್ದು, ನಿದ್ದೆಯಲ್ಲಿ ನಡೆದದ್ದು, ದುಃಸ್ವಪ್ನ, ತಲೆಗೆ ಬಿದ್ದ ಪೆಟ್ಟು, ಇವು ಯಾವುವೂ ಬಾಯಲ್ಲಿ ಬರಬಾರದು, ಏಕೆಂದರೆ ಪ್ರತಿಯೊಂದೂ ರೋಗಚರಿತ್ರೆಯ ಮೊದಲ ಸಾಲಾಗುತ್ತದೆ. ತತ್ವಶಾಸ್ತ್ರ, ಮನೋವೈದ್ಯಕೀಯ, ಪರಾಮನೋವಿಜ್ಞಾನದಲ್ಲಿ ಆಸಕ್ತಿಯಿದೆ ಎನ್ನಬೇಡಿ, ಅದು ‘ತತ್ವಚಿಂತನೆಯ ಅಮಲು’ ಎಂದು ದಾಖಲಾಗುತ್ತದೆ. ಮನೆಯವರಿಗೂ ಗೆಳೆಯರಿಗೂ ಮೊದಲೇ ಹೇಳಿಡಿ: ತನಿಖಾಧಿಕಾರಿಯ ಮುಂದೆ ‘ಅವನು ಸ್ವಲ್ಪ ವಿಚಿತ್ರ ಸ್ವಭಾವದವನು’ ಎಂಬ ಪ್ರೀತಿಯ ಮಾತೂ ಬೇಡ. ಏಕೆ ಹೀಗೆ ಮಾಡಿದಿರಿ ಎಂಬ ಪ್ರಶ್ನೆಗೆ ಸತ್ಯ, ನ್ಯಾಯ, ಜನರ ಹಕ್ಕು ಎಂದು ಉತ್ತರಿಸಿದರೆ ಸುಧಾರಣಾ ಭ್ರಮೆ. ಬದಲಿಗೆ ಹೆಸರು ಬರಲೆಂದು ಮಾಡಿದೆ, ಪರಿಣಾಮ ಇಷ್ಟು ಗಂಭೀರವಾದೀತೆಂದು ಗೊತ್ತಿರಲಿಲ್ಲ, ಎಲ್ಲಿ ಗೆರೆ ದಾಟಿದೆನೋ ಗಮನಿಸಲಿಲ್ಲ, ಹೀಗೆನ್ನಿ. ಸಣ್ಣತನದ ಉದ್ದೇಶ ಅವರಿಗೆ ಆರೋಗ್ಯದ ಲಕ್ಷಣವಾಗಿ ಕಾಣುತ್ತದೆ.

ಕೈಪಿಡಿಯ ನೈತಿಕ ನಿಲುವು ನನಗೆ ಇನ್ನೂ ಮುಖ್ಯ. ಔಷಧದ ಹಿಂಸೆ ತಾಳಲಾರದೆ ‘ನನ್ನ ಅಭಿಪ್ರಾಯ ತಪ್ಪಾಗಿತ್ತು’ ಎಂದು ಬರೆದುಕೊಟ್ಟರೆ ಅದು ಹೇಡಿತನವಲ್ಲ, ಹಾಗೆ ಮಾಡುವ ಹಕ್ಕು ನಿಮಗಿದೆ ಎಂದು ಲೇಖಕರು ಹೇಳುತ್ತಾರೆ. ಇಬ್ಬರೂ ಸ್ವತಃ ಬಾಗದೆ ಶಿಕ್ಷೆ ಅನುಭವಿಸುತ್ತಿದ್ದವರು. ತಮ್ಮ ಗಟ್ಟಿತನವನ್ನು ಇನ್ನೊಬ್ಬರ ಮೇಲೆ ಹೇರಲಿಲ್ಲ.

ಆ ಹಿಂಸೆ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ತನ್ನಷ್ಟಕ್ಕೆ ವಿಷವಲ್ಲ, ಸರಿಯಾದ ರೋಗಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಉಪಯುಕ್ತ ಔಷಧ. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಹಾದಿಯನ್ನು ತಡೆಯುವುದರಿಂದ ಕೈನಡುಕ, ಸ್ನಾಯುಗಳ ಬಿಗಿತ, ಕತ್ತು ತಿರುಚುವಿಕೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದು ಇವೆಲ್ಲ ಆಗಬಹುದು. ಎಲ್ಲಕ್ಕಿಂತ ಕಠಿಣವಾದದ್ದು ಅಕಥೀಸಿಯಾ: ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು, ನಡೆದರೂ ಒಳಗಿನ ತಳಮಳ ನಿಲ್ಲದು. ಇವುಗಳಲ್ಲಿ ನಡುಕ, ಬಿಗಿತ, ತಿರುಚುವಿಕೆ ಹೆಚ್ಚಿನವರಲ್ಲಿ ಟ್ರೈಹೆಕ್ಸಿಫೆನಿಡಿಲ್ ಕೊಟ್ಟರೆ ತಗ್ಗುತ್ತವೆ. ನಮ್ಮಲ್ಲೂ ಇಂಥ ಔಷಧದ ಜೊತೆಗೆ ಬೇಕಾದಾಗ ಬರೆದುಕೊಡುವ ಅಗ್ಗದ ಸಣ್ಣ ಮಾತ್ರೆ ಅದು. ಪ್ಲ್ಯೂಶ್ಚ್ ಅವರಿಗೆ ಹ್ಯಾಲೊಪೆರಿಡಾಲ್ ಕೊಟ್ಟು ಈ ಮಾತ್ರೆಯನ್ನು ಕೊಡಲಿಲ್ಲ. ಚಿಕಿತ್ಸೆಗೂ ಹಿಂಸೆಗೂ ನಡುವಿನ ಅಂತರ ಇಲ್ಲಿ ಎರಡು ಮಿಲಿಗ್ರಾಂನ ಆ ಒಂದು ಮಾತ್ರೆಯಷ್ಟು. ಸಲ್ಫಜಿನ್‌ಗಾದರೋ ಚಿಕಿತ್ಸೆಯ ನೆಪವೂ ಉಳಿದಿರಲಿಲ್ಲ. ಪೀಚ್ ಎಣ್ಣೆಯಲ್ಲಿ ಬೆರೆಸಿದ ಶೇಕಡಾ 1ರ ಗಂಧಕವನ್ನು ಸ್ನಾಯುವಿಗೆ ಚುಚ್ಚಿದರೆ ಜ್ವರ 40 ಡಿಗ್ರಿಗೇರಿ, ಚುಚ್ಚಿದ ಜಾಗದ ನೋವಿಗೆ ದಿನಗಟ್ಟಲೆ ಮಗ್ಗುಲು ಬದಲಿಸಲಾಗದು. ಜ್ವರ ಬರಿಸಿ ಮನೋರೋಗ ವಾಸಿಮಾಡುವ 1920ರ ದಶಕದ ಕಲ್ಪನೆಯ ಉಳಿಕೆ ಅದು. ಉಳಿದ ಕಡೆ ಬಿಟ್ಟುಹೋದ ಮೇಲೂ ಇಲ್ಲಿ ಶಿಸ್ತಿನ ಸಾಧನವಾಗಿ ಉಳಿಯಿತು.

1976ರ ಜನವರಿಯಲ್ಲಿ ಪ್ಲ್ಯೂಶ್ಚ್ ಬಿಡುಗಡೆಯಾಗಿ ದೇಶ ಬಿಟ್ಟರು. ಫ್ರಾನ್ಸಿನ ಗಣಿತಜ್ಞರ ಒತ್ತಡ ಮತ್ತು ಹೆಂಡತಿ ತತ್ಯಾನಾ ಅವರ ಹೋರಾಟ ಇದರ ಹಿಂದೆ. ಅದೇ ಡಿಸೆಂಬರ್‌ನಲ್ಲಿ ಬುಕೊವ್‌ಸ್ಕಿಯನ್ನು ಚಿಲಿಯ ಕಮ್ಯುನಿಸ್ಟ್ ನಾಯಕ ಲೂಯಿಸ್ ಕೊರ್ವಲಾನ್‌ಗೆ ಬದಲಾಗಿ ಜ್ಯೂರಿಕ್‌ನಲ್ಲಿ ವಿನಿಮಯ ಮಾಡಿಕೊಂಡರು. ಕೈಪಿಡಿಯ ಒಬ್ಬ ಲೇಖಕ ಇಂಗ್ಲೆಂಡ್ ಸೇರಿದರು, ಇನ್ನೊಬ್ಬರು ಶಿಬಿರದಲ್ಲೇ ಉಳಿದರು.

1979ರಲ್ಲಿ ಏಳು ವರ್ಷ ಮುಗಿಸಿದ ಗ್ಲುಜ್ಮನ್ ಅವರನ್ನು ಪಶ್ಚಿಮ ಸೈಬೀರಿಯಾದ ತ್ಯುಮೆನ್ ಪ್ರಾಂತ್ಯದ ನಿಝ್ನ್ಯಾಯಾ ತಾವ್ದಾ ಎಂಬ ಹಳ್ಳಿಗೆ ಗಡಿಪಾರು ಮಾಡಿದರು. ಈ ಶಿಕ್ಷೆಯಲ್ಲಿ ಬೇಲಿ ಇಲ್ಲ. ಗೊತ್ತುಮಾಡಿದ ಜಿಲ್ಲೆ ದಾಟುವಂತಿಲ್ಲ, ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಮನೆ ಮತ್ತು ಕೂಲಿ ತಾನೇ ಹುಡುಕಿಕೊಳ್ಳಬೇಕು. ಪತ್ರ ಬರೆಯಬಹುದು, ಬಂದವರನ್ನು ಕಾಣಬಹುದು, ಎಲ್ಲವೂ ಕಣ್ಗಾವಲಿನಲ್ಲಿ. ಊರವರಿಗೆ ಈತ ‘ರಾಜ್ಯದ ಅಪರಾಧಿ.’ ಇಂಥ ವರ್ಷಗಳು ಮೇಲ್ನೋಟಕ್ಕೆ ಹಗುರ, ಆದರೆ ಮೂವತ್ತರ ಹರೆಯದ ವೈದ್ಯನೊಬ್ಬನ ವೃತ್ತಿಯ ಅತ್ಯುತ್ತಮ ಕಾಲವೇ ಅವು. ಶಿಬಿರದಲ್ಲೇ ಅವರು ಕವಿತೆ ಬರೆಯತೊಡಗಿದ್ದರು. ದುಃಖವನ್ನೂ ಪ್ರಾರ್ಥನೆಯನ್ನೂ ಒಟ್ಟಿಗೆ ಹಿಡಿದ ಆ ಕವಿತೆಗಳು ಪುಸ್ತಕವಾಗಲು 1990ರ ದಶಕ ಬರಬೇಕಾಯಿತು. 1982ರಲ್ಲಿ ಕೀವ್‌ಗೆ ಮರಳಿದರು. ವಲಸೆ ಹೋಗುವ ಬದಲು ಅಲ್ಲೇ ಉಳಿದರು.

ಉಳಿಯಲಾಗದವರೂ ಇದ್ದರು. ಲೆನಿನ್‌ಗ್ರಾದಿನ ಮನೋವೈದ್ಯೆ ಮರೀನಾ ವೊಯ್ಖಾನ್ಸ್ಕಯಾ ತಮ್ಮ ಆಸ್ಪತ್ರೆಯಲ್ಲಿ ಆರೋಗ್ಯವಂತರೊಬ್ಬರನ್ನು ಇಟ್ಟಿರುವುದನ್ನು ಕಂಡು ಪ್ರತಿಭಟಿಸಿ 1975ರಲ್ಲಿ ಇಂಗ್ಲೆಂಡಿಗೆ ಹೋದರು. ಅವರ ಮಗನನ್ನು ಅಧಿಕಾರಿಗಳು 1979ರವರೆಗೆ ಬಿಡಲಿಲ್ಲ. 1977ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಒಂದು ಸಣ್ಣ ಆಯೋಗ, ಗ್ಲುಜ್ಮನ್ ಒಬ್ಬರೇ ಮಾಡಿದ ಕೆಲಸವನ್ನು ಸಾಂಸ್ಥಿಕವಾಗಿ ಮಾಡಿತು: ಆಸ್ಪತ್ರೆಯ ಬೆದರಿಕೆ ಇರುವವರನ್ನು ಮೊದಲೇ ಸ್ವತಂತ್ರ ಮನೋವೈದ್ಯರಿಂದ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳುವುದು. ನಾಳೆ ಬಂಧನವಾದರೆ ತೋರಿಸಲು ನಿನ್ನೆಯ ವರದಿ ಇರಬೇಕು, ಅಷ್ಟೇ ತಂತ್ರ. ಆ ಆಯೋಗದ ಮೊದಲ ಸಲಹಾವೈದ್ಯ ಅಲೆಕ್ಸಾಂದರ್ ವೊಲೊಷಾನೊವಿಚ್ 1980ರಲ್ಲಿ ದೇಶ ಬಿಡಬೇಕಾಯಿತು. ನಂತರ ಆ ಹೊಣೆ ಹೊತ್ತ ಖಾರ್ಕೊವ್‌ನ ಅನಾತೊಲಿ ಕೊರ್ಯಾಗಿನ್ 1981ರ ಫೆಬ್ರವರಿಯಲ್ಲಿ ಬಂಧಿತರಾದರು, ಏಳು ವರ್ಷ ಸೆರೆ ಮತ್ತು ಐದು ವರ್ಷ ಗಡಿಪಾರು. ತಾವು ಪರೀಕ್ಷಿಸಿದವರ ಬಗ್ಗೆ ಅವರು ಬರೆದ ಲೇಖನವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಅದೇ ವರ್ಷ ಪ್ರಕಟಿಸಿತು. ಚಿಸ್ತೊಪೊಲ್ ಜೈಲಿನಲ್ಲಿ ದೀರ್ಘ ಉಪವಾಸ, ಬಲವಂತದ ಊಟ. 1987ರಲ್ಲಿ ಬಿಡುಗಡೆಯಾಗಿ ಸ್ವಿಟ್ಜರ್ಲೆಂಡ್ ಸೇರಿದರು.

ಹೊರಗಿನ ವೃತ್ತಿಬಾಂಧವರು ತಡವಾಗಿ, ಅಳುಕುತ್ತ ಎದ್ದರು. 1977ರಲ್ಲಿ ಹೊನೊಲುಲುವಿನಲ್ಲಿ ನಡೆದ ವಿಶ್ವ ಮನೋವೈದ್ಯರ ಸಮ್ಮೇಳನದಲ್ಲಿ ಸೋವಿಯತ್ ದುರ್ಬಳಕೆಯನ್ನು ಖಂಡಿಸುವ ನಿರ್ಣಯಕ್ಕೆ 90 ಮತ ಪರ, 88 ವಿರೋಧ. ಎರಡೇ ಮತದ ಅಂತರ. ಹೊರಹಾಕುವರೆಂಬ ಭಯಕ್ಕೆ 1983ರಲ್ಲಿ ಸೋವಿಯತ್ ಮನೋವೈದ್ಯರ ಸಂಘ ವಿಶ್ವ ಮನೋವೈದ್ಯರ ಸಂಘದಿಂದ ತಾನೇ ಹೊರನಡೆಯಿತು. 1989ರಲ್ಲಿ ಅಥೆನ್ಸ್‌ನಲ್ಲಿ, ರಾಜಕೀಯ ಕಾರಣಕ್ಕೆ ದುರ್ಬಳಕೆ ನಡೆದಿತ್ತೆಂದು ಒಪ್ಪಿಕೊಂಡ ಮೇಲೆ, ಷರತ್ತಿನ ಮೇಲೆ ಮರಳಿತು.

ಗ್ರಿಗೊರೆಂಕೊ 1974ರಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗಿ, 1977ರಲ್ಲಿ ಚಿಕಿತ್ಸೆಗೆಂದು ಅಮೆರಿಕಕ್ಕೆ ಹೋದಾಗ ಅವರ ಪೌರತ್ವ ಕಿತ್ತುಕೊಂಡರು. ಅಲ್ಲಿ ಅವರೇ ಕೇಳಿಕೊಂಡು ಮತ್ತೆ ಪರೀಕ್ಷೆಗೆ ಕೂತರು. ಆ ತಂಡಕ್ಕೆ ಕಾಯಿಲೆ ಸಿಗಲಿಲ್ಲ. 1987ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ನಾಲ್ಕು ವರ್ಷದ ನಂತರ, ಲೆನಿನ್‌ಗ್ರಾದಿನ ಬೆಖ್ತೆರೆವ್ ಸಂಸ್ಥೆಯ ನಿರ್ದೇಶಕ ಮೊದೆಸ್ತ್ ಕಬಾನೊವ್ ನೇತೃತ್ವದ ಸಮಿತಿ ಆರು ತಿಂಗಳು ಕಡತಗಳನ್ನು ಓದಿ, 1991ರ ಅಕ್ಟೋಬರ್‌ನಲ್ಲಿ ಹಳೆಯ ರೋಗನಿರ್ಣಯವನ್ನು ರದ್ದು ಮಾಡಿತು. ಅವರೂ ಕಾಗದ ನೋಡಿಯೇ, ರೋಗಿಯ ಗೈರುಹಾಜರಿಯಲ್ಲೇ, ಗ್ಲುಜ್ಮನ್ ಇಪ್ಪತ್ತು ವರ್ಷದ ಹಿಂದೆ ಮುಟ್ಟಿದ್ದ ತೀರ್ಮಾನಕ್ಕೆ ಬಂದರು.

ಆ ಸಾವಿರಾರು ಸೋವಿಯತ್ ವೈದ್ಯರೆಲ್ಲ ಕೇಡಿಗರೇ? ಅಲ್ಲವೆಂಬುದೇ ಹೆಚ್ಚು ದಿಗಿಲಿನ ಸಂಗತಿ. ಆದೇಶದ ಮೇಲೆ ಸುಳ್ಳು ಬರೆದವರು ಬೆರಳೆಣಿಕೆ. ಉಳಿದವರು ಓದಿದ ಒಂದೇ ಪಠ್ಯ, ಕೇಳಿದ ಒಂದೇ ಶಾಲೆಯ ಮಾತು ನಂಬಿ ರೋಗ ಕಂಡರು. ಹೊರಗಿನ ಪುಸ್ತಕ, ಪತ್ರಿಕೆ ಅವರಿಗೆ ಸಿಗುತ್ತಿರಲಿಲ್ಲ. ಗ್ಲುಜ್ಮನ್ 1991ರಲ್ಲಿ ಉಕ್ರೇನಿನಲ್ಲಿ ಸರ್ಕಾರದಿಂದ ಸ್ವತಂತ್ರವಾದ ಮನೋವೈದ್ಯರ ಸಂಘ ಕಟ್ಟಿದಾಗ ಹೊರಗಿನ ವೈದ್ಯಕೀಯ ಪುಸ್ತಕಗಳನ್ನು ಅನುವಾದಿಸಿ ಹಂಚುವುದಕ್ಕೆ ಮಹತ್ವ ಕೊಟ್ಟದ್ದು ಇದಕ್ಕೇ. ಹಳೆಯ ಚಾಳಿ ಪೂರ್ತಿ ಸತ್ತಿಲ್ಲ. 2016ರಲ್ಲಿ ರಷ್ಯಾ ಹಿಡಿತದ ಕ್ರಿಮಿಯಾದಲ್ಲಿ ತಾತಾರ ನಾಯಕ ಇಲ್ಮಿ ಉಮೆರೊವ್ ಅವರನ್ನು ಸುಮಾರು ಮೂರು ವಾರ ಮನೋರೋಗ ಆಸ್ಪತ್ರೆಯಲ್ಲಿಟ್ಟು ‘ಪರೀಕ್ಷಿಸಿದರು.’

ಈ ಅನುಭವದ ಹಿನ್ನೆಲೆಯಲ್ಲೇ 1991ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಮಾನಸಿಕ ರೋಗಿಗಳ ರಕ್ಷಣೆಯ ತತ್ವಗಳನ್ನು ಅಂಗೀಕರಿಸಿತು. ಅದರ ಸಾಲುಗಳು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇವೆ. 3ನೇ ಸೆಕ್ಷನ್ ಪ್ರಕಾರ ಕಾಯಿಲೆಯನ್ನು ರಾಷ್ಟ್ರೀಯವಾಗಿ ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡದಿಂದಲೇ ನಿರ್ಧರಿಸಬೇಕು. ರಾಜಕೀಯ ಸ್ಥಾನಮಾನದಿಂದಾಗಲಿ, ಸಮುದಾಯದ ನೈತಿಕ, ಸಾಮಾಜಿಕ, ರಾಜಕೀಯ ಮೌಲ್ಯಗಳಿಗೆ ಹೊಂದಿಕೊಳ್ಳದಿರುವುದರಿಂದಾಗಲಿ ನಿರ್ಧರಿಸುವಂತಿಲ್ಲ. 89ನೇ ಸೆಕ್ಷನ್ ಪ್ರಕಾರ ತಾನಾಗಿ ಒಪ್ಪದವರನ್ನು ದಾಖಲಿಸಲು ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಪ್ರತ್ಯೇಕವಾಗಿ ನೋಡಿರಬೇಕು, ಅವಧಿ 30 ದಿನ ಮೀರುವಂತಿಲ್ಲ, ಆಮೇಲೂ ಇರಿಸಬೇಕೆಂದರೆ ಬೇರೆ ಸೆಕ್ಷನ್‌ನ ಕಟ್ಟುನಿಟ್ಟು ದಾಟಬೇಕು. ದಾಖಲಾದ ವಿಷಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಏಳು ದಿನದೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ ಮೂರು ದಿನದೊಳಗೆ ತಲುಪಬೇಕು. 25ನೇ ಸೆಕ್ಷನ್ ರೋಗಿಗೆ ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕು ಕೊಡುತ್ತದೆ. ಯಾರನ್ನಾದರೂ ಹೀಗೆ ದಾಖಲಿಸಿದಾಗ ಮನೆಯವರು ಮೊದಲ ದಿನವೇ ಆ ದಾಖಲೆಗಳಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಪ್ರತಿಯನ್ನು ಆ ಆಸ್ಪತ್ರೆಗೆ ಸಂಬಂಧವಿಲ್ಲದ ಇನ್ನೊಬ್ಬ ಮನೋವೈದ್ಯರಿಗೆ ತೋರಿಸಬೇಕು.